ಗಾಂಧಿ ಜಯಂತಿಯ ಆಚೆ, ಈಚೆ

"ಗಾಂಜಾ ಕೇಸಲ್ಲಿ ಶಿಕ್ಷೆ ಆದವ್ರು ಅಪೀಲ್ ಹಾಕಿದ್ರೆ ಹೊರಗೆ ಬಂದ ಹಾಗೇ ಅಲ್ವನಾ ಮಾರಾಯ?" ಅಡ್ಡಗದ್ದೆಯಲ್ಲಿ ಅಡಿಕೆ ಸುಲಿಯುತ್ತಾ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು. ಬೆಂಗಳೂರಲ್ಲಿ ಕೋಡ್ ಬರೆಯೋನಿಗೆ ಎಲ್ಲಾ ಗೊತ್ತಿರತ್ತೆ ಅನ್ನೋದು ಊರಿನವರ ನಂಬಿಕೆ. ಶುಂಠಿ ಗದ್ದೆಯಲ್ಲೋ ತೋಟದಲ್ಲೋ ಗಾಂಜಾ ಗಿಡ ಸಿಕ್ಕಿತು ಅನ್ನೋ ಸುದ್ದಿ ಮಲೆನಾಡಿಗೆ ಹೊಸದೂ ಅಲ್ಲ. ಹಾಗಾಗಿ ಕಾನೂನು ಓದೋಕೆ ಕೂತೆ.

ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಬಂದಿದ್ದು 1985ರಲ್ಲಿ. ಆಗ ಹೆರಾಯಿನ್ 10 ಗ್ರಾಂ ಇದ್ದರೂ 10 ಕೆಜಿ ಇದ್ದರೂ ಕನಿಷ್ಠ 10 ವರ್ಷ ಜೈಲು. ಸ್ವಂತ ಬಳಕೆಗೆ ಇಟ್ಟುಕೊಂಡ ಚೂರುಪಾರಿಗೆ ಮಾತ್ರ ರಿಯಾಯಿತಿ. 2001ರ ತಿದ್ದುಪಡಿ ತೂಕ ನೋಡಿ ಶಿಕ್ಷೆ ಅಂತ ಮಾಡಿತು. ಹೆರಾಯಿನ್ 250 ಗ್ರಾಂ, ಗಾಂಜಾ 20 ಕೆಜಿ ದಾಟಿದರೆ 'ವಾಣಿಜ್ಯ ಪ್ರಮಾಣ', ಕನಿಷ್ಠ 10 ವರ್ಷ. ಅದಕ್ಕಿಂತ ಕಡಿಮೆ ಇದ್ದರೆ ಕನಿಷ್ಠ ಅನ್ನೋದೇ ಇಲ್ಲ. (ಗಿಡ ಬೆಳೆಸಿದವರಿಗೆ ಈ ತೂಕದ ಲೆಕ್ಕ ಇಲ್ಲ. ಅವರ ಗರಿಷ್ಠ ಶಿಕ್ಷೆ 5ರಿಂದ 10 ವರ್ಷಕ್ಕೆ ಏರಿತು.)

ಜಾರಿಯಾದ ದಿನ 2001ರ ಅಕ್ಟೋಬರ್ 2. ವಿಚಾರಣೆ ಬಾಕಿ ಇದ್ದ ಹಳೇ ಕೇಸಿಗೂ ಕಡಿಮೆ ಶಿಕ್ಷೆಯ ಲಾಭ ಸಿಕ್ಕಿತು, ಅಪೀಲಲ್ಲಿದ್ದ ಕೇಸಿಗೆ ಇಲ್ಲ. ಒಂದೇ ದಿನ ತಲಾ 10 ಗ್ರಾಂ ಹೆರಾಯಿನ್ ಜೊತೆ ಸಿಕ್ಕ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನಿಗೆ ಸೆಪ್ಟೆಂಬರಲ್ಲಿ ತೀರ್ಪಾಯ್ತು: ಹತ್ತು ವರ್ಷ. ಇನ್ನೊಬ್ಬನ ಕೇಸು ಮುಂದಕ್ಕೆ ಹೋಗಿ ನವೆಂಬರಲ್ಲಿ ತೀರ್ಪಾಯ್ತು: ಎರಡೋ ಮೂರೋ ವರ್ಷಕ್ಕೂ ಮುಗಿಯಬಹುದು. ಬಷೀರ್ ಮತ್ತು ಕೇರಳ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಈ ಗೆರೆಯನ್ನ ಎತ್ತಿಹಿಡಿಯಿತು; ಮುಗಿದ ವಿಚಾರಣೆಗಳನ್ನ ಮತ್ತೆ ತೆರೆಯೋ ಹಾಗಾಗಬಾರದು ಅನ್ನೋ ಕಾರಣಕ್ಕೆ. ನನಗಂತೂ ಇದು ಒಪ್ಪಿಗೆಯಾಗಲಿಲ್ಲ. ಕೋರ್ಟ್ ಚುರುಕಾಗಿ ಕೆಲಸ ಮಾಡಿತು ಅಂತ ಒಬ್ಬ ಹೆಚ್ಚು ವರ್ಷ ಕೂರಬೇಕಾ? ಅಮೆರಿಕದಲ್ಲಿ ಕ್ರ್ಯಾಕ್ ಕೊಕೇನ್ ಶಿಕ್ಷೆಯನ್ನ 2010ರಲ್ಲಿ ತಗ್ಗಿಸಿದಾಗಲೂ ಹಳಬರು ಹೊರಗುಳಿದರು. ಆದರೆ 2018ರಲ್ಲಿ ಇನ್ನೊಂದು ಕಾನೂನು ತಂದು, ಅವರೂ ಶಿಕ್ಷೆ ಇಳಿಸಿ ಅಂತ ಕೋರ್ಟಿಗೆ ಹೋಗೋ ದಾರಿ ಮಾಡಿಕೊಟ್ಟರು.

ಇನ್ನು ದೊಡ್ಡಮ್ಮನ ಪ್ರಶ್ನೆ. ಅಪೀಲ್ ಹಾಕಿದ ಮಾತ್ರಕ್ಕೆ ಬಾಗಿಲು ತೆರೆಯಲ್ಲ. ಶಿಕ್ಷೆ ಅಮಾನತು ಮಾಡಿ ಅಂತ ಬೇರೆ ಅರ್ಜಿ ಬೇಕು. ವಾಣಿಜ್ಯ ಪ್ರಮಾಣವಾದರೆ ಅದು ಸಿಗೋದು ಬಹಳ ಕಷ್ಟ, ಸನ್ನಡತೆಯ ಮಾಫಿಯೂ ಇಲ್ಲ. ಹೀಗೆ ಕಾಯ್ತಾ ಕಾಯ್ತಾ ಶಿಕ್ಷೆಯೇ ಮುಗಿದುಹೋದರೆ? ಅಪೀಲು ಕಾಗದದಲ್ಲಿ ಬದುಕಿರತ್ತೆ, ಯಾಕಂದ್ರೆ 'ಅಪರಾಧಿ' ಅನ್ನೋ ಹಣೆಪಟ್ಟಿ ತೆಗೆಸಬೇಕಲ್ಲ. ಆದರೆ ಎಷ್ಟೋ ಜನ ಅಷ್ಟು ಹೊತ್ತಿಗೆ ಸೋತು, ವಾದವನ್ನೇ ಕೈಬಿಟ್ಟು, "ಅನುಭವಿಸಿದಷ್ಟೇ ಶಿಕ್ಷೆ ಸಾಕು ಸ್ವಾಮಿ" ಅಂತ ಕೇಳ್ತಾರೆ. ಅಪೀಲನ್ನ ಬೇಗ ಕೇಳೋಕಾಗದಿದ್ದರೆ ಆತನನ್ನ ಒಳಗಿಟ್ಟುಕೊಳ್ಳೋದು ನ್ಯಾಯವಾ ಅಂತ ಸುಪ್ರೀಂ ಕೋರ್ಟೇ 1977ರಲ್ಲಿ, ಕಶ್ಮೀರಾ ಸಿಂಗ್ ಪ್ರಕರಣದಲ್ಲಿ ಕೇಳಿತ್ತು.

ನಿಮ್ಮ ಕಡೆಯವರು ಯಾರಾದರೂ ಒಳಗಿದ್ದರೆ, ಅಪೀಲಿನ ಜೊತೆಗೇ ಅಮಾನತು ಅರ್ಜಿ ಹೋಗಿದೆಯಾ ಅಂತ ವಕೀಲರನ್ನ ಕೇಳಿ. ಜೈಲಲ್ಲಿರೋರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳೋ ಹಕ್ಕಿದೆ. ಸಹಾಯವಾಣಿ 15100.