ಕರೆಂಟಿಗೆ ‘ಅಡ್ಜಸ್ಟ್’ ಗೊತ್ತಿಲ್ಲ ಸ್ವಾಮಿ!

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನೋದು ಕನ್ನಡಿಗರ ದೊಡ್ಡ ಗುಣ ಅಂತ ನಾವೆಲ್ಲ ಬೇಕಾದಷ್ಟು ಸಲ ಬರೆದುಕೊಂಡಿದ್ದೇವೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗೋ ಬಸ್ಸಲ್ಲಿ ಇಬ್ಬರ ಸೀಟಿನಲ್ಲಿ ಮೂವರು ಕೂರೋಕೆ ಅದು ಸರಿ. ಆದರೆ ಒಂದು ವೈರಿನಲ್ಲಿ ಎರಡು ಲೈಟು ಉರಿಸೋಕೆ ಹೊರಟಾಗಲೂ ಅದೇ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ.

ವಿಷಯ ತೀರಾ ಚಿಕ್ಕದು. ನಾಲ್ಕಡಿಯ ಒಂದು ಮೀನಿನ ತೊಟ್ಟಿ. ಮೇಲೆ ಎರಡೆರಡು ಅಡಿಯ ಎರಡು ಎಲ್ಇಡಿ ಲೈಟು. ಡಿಮ್ಮರ್ ಮಾತ್ರ ಒಂದೇ. ಡಿಮ್ಮರ್ ಇರೋದು ಶೋಕಿಗಲ್ಲ. ಕತ್ತಲಲ್ಲಿದ್ದ ಮೀನಿಗೆ ದಿಢೀರ್ ಅಂತ ಪೂರ್ತಿ ಬೆಳಕು ಬಿಟ್ಟರೆ ಬೆದರಿ ಗಾಜಿಗೆ ಡಿಕ್ಕಿ ಹೊಡೆಯುತ್ತೆ; ಬೆಳಕು ಅತಿಯಾದರೆ ಗಾಜಿನ ತುಂಬಾ ಪಾಚಿ. ಎರಡೂ ಲೈಟು ಒಟ್ಟಿಗೇ ಮಂಕಾಗಿ ಒಟ್ಟಿಗೇ ಬೆಳಗಬೇಕು ಅಂದರೆ ಡಿಮ್ಮರ್‌ನಿಂದ ಬರೋ ವೈರು ಕವಲೊಡೆಯಬೇಕು. ಅದಕ್ಕೊಂದು ಸ್ಪ್ಲಿಟರ್ ಬೇಕು, ಅಷ್ಟೇ.

ಮೈಸೂರಿನ ಅಂಗಡಿಯವರೊಬ್ಬರು, “ಅದೆಲ್ಲ ಆಗಲ್ಲ ಸಾರ್, ಇನ್ನೊಂದು ಪೂರ್ತಿ ಸೆಟ್ ತಗೊಳ್ಳಿ” ಅಂದರು. ಹುಣಸೂರಿನ ಪರಿಚಯದವರೊಬ್ಬರು, “ಅದಕ್ಯಾಕೆ ದುಡ್ಡು ದಂಡ? ವೈರ್ ಕಟ್ ಮಾಡಿ, ತಿರುಚಿ, ಟೇಪ್ ಸುತ್ತಿ ಬಿಸಾಕಿ” ಅಂದರು. ನನ್ನ ಜಗಳ ಇಬ್ಬರ ಜತೆಗೂ! ಒಬ್ಬರು ಜೇಬಿಗೆ ಕೈ ಹಾಕ್ತಾರೆ, ಇನ್ನೊಬ್ಬರು ಮನೆಗೆ ಅಪಾಯ ತರ್ತಾರೆ. ಆದರೆ ಇಬ್ಬರ ನಂಬಿಕೆಯೂ ಒಂದೇ: ಲೆಕ್ಕ ಹಾಕೋದು ನಮ್ಮ ಕೆಲಸ ಅಲ್ಲ ಅನ್ನೋದು.

ಲೆಕ್ಕವಾದರೂ ಎಷ್ಟು? ಒಂದು ಲೈಟು 12 ವೋಲ್ಟ್, 12 ವ್ಯಾಟ್ ಅಂದರೆ 1 ಆಂಪಿಯರ್. ಎರಡಕ್ಕೆ 2 ಆಂಪಿಯರ್. ಅಡಾಪ್ಟರ್ 3 ಆಂಪಿಯರಿನದು ಇರಲಿ, ಡಿಮ್ಮರ್ ಮೇಲೂ 2ಕ್ಕಿಂತ ಜಾಸ್ತಿ ಬರೆದಿರಲಿ. ಕೆ.ಆರ್.ನಗರದ ಕಡೆ ನಾಲೆ ನೋಡಿದವರಿಗೆ ಇದನ್ನ ವಿವರಿಸಬೇಕಾಗೇ ಇಲ್ಲ. ಎರಡು ತೂಬಿಗೂ ನೀರು ಬೇಕು ಅಂದರೆ ಮೂಲ ನಾಲೆಯಲ್ಲಿ ಅಷ್ಟು ನೀರು ಹರೀಬೇಕು. ವೈರಿನ ದಪ್ಪವೂ ಹಾಗೇ. 0.75 ಚದರ ಮಿಲಿಮೀಟರಿನ ತಾಮ್ರದ ವೈರು ಎರಡು ಮೀಟರ್ ಹೋದರೆ 2 ಆಂಪಿಯರಿಗೆ ನಷ್ಟ ಸುಮಾರು 0.2 ವೋಲ್ಟ್. ಕೈಗೆ ಸಿಕ್ಕ 0.14ರ ಎಳೆ ವೈರು ಹಾಕಿದಿರೋ, ಹೆಚ್ಚೂಕಡಿಮೆ 1 ವೋಲ್ಟ್ ದಾರಿಯಲ್ಲೇ ಶಾಖವಾಗಿ ಸೋರಿ ಹೋಗುತ್ತೆ.

ಇನ್ನೊಂದು ಮುಖ್ಯ ಸಂಗತಿ. ಇಂಥ ಡಿಮ್ಮರ್‌ಗಳು ಲೈಟನ್ನ ಕಣ್ಣಿಗೆ ಕಾಣದ ವೇಗದಲ್ಲಿ ಆರಿಸಿ ಹಚ್ಚಿ ಮಂಕು ಮಾಡ್ತವೆ. ಬಹುಪಾಲು ಡಿಮ್ಮರ್‌ಗಳು ಕತ್ತರಿಸೋದು ಮೈನಸ್ ಬದಿಯನ್ನ. ಆದ್ದರಿಂದ ಪ್ಲಸ್, ಮೈನಸ್ ಎರಡನ್ನೂ ಡಿಮ್ಮರ್ ಆದಮೇಲೇ ಕವಲು ಮಾಡಬೇಕು. ಮೈನಸ್ ತಾನೇ ಅಂತ ಎರಡನೇ ಲೈಟಿಗೆ ನೇರ ಅಡಾಪ್ಟರ್‌ನಿಂದ ಎಳೆದರೆ ಅದು ಡಿಮ್ಮರ್ ಮಾತು ಕೇಳಲ್ಲ :-) ಆಮೇಲೆ ಬೆಸುಗೆ, ಅದರ ಮೇಲೆ ಬಿಸಿಗೆ ಕುಗ್ಗೋ ಕೊಳವೆ, ಪ್ರತಿ ಕವಲಿಗೆ 1.5 ಆಂಪಿಯರಿನ ಪುಟ್ಟ ಫ್ಯೂಸು. ತಿರುಚಿ ಟೇಪ್ ಸುತ್ತಿದ ಜಾಯಿಂಟು ತೊಟ್ಟಿಯ ತೇವಕ್ಕೆ ಹಸಿರುಗಟ್ಟುತ್ತೆ, ಸಡಿಲವಾಗುತ್ತೆ, ಬಿಸಿಯಾಗುತ್ತೆ.

ಎಲ್ಲ ಲೈಟಿಗೂ ಇದು ನಡೆಯುತ್ತಾ? ಇಲ್ಲ. ಡ್ರೈವರ್ ಮೇಲೆ ‘ಕಾನ್‌ಸ್ಟೆಂಟ್ ಕರೆಂಟ್, 700 ಮಿಲಿ ಆಂಪಿಯರ್’ ಅಂತಿದ್ದರೆ ಕವಲು ಮಾಡಬೇಡಿ. ಎರಡು ಲೈಟು ಅದನ್ನ ಹಂಚಿಕೊಳ್ಳುತ್ತವೆ, ಒಂದು ಕಳಚಿದ ಕ್ಷಣ ಇನ್ನೊಂದರ ತಲೆಮೇಲೆ ಪೂರ್ತಿ 700 ಬೀಳುತ್ತೆ. ಇನ್ನು 230 ವೋಲ್ಟಿನ ಬದಿಗೆ ಕೈ ಹಾಕಲೇಬೇಡಿ. ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ವೈರು ಸಾಕೆಟ್‌ಗಿಂತ ಕೆಳಗೆ ಜೋಲಿ ಬಿದ್ದು ಮೇಲೇರಲಿ, ಜಾರಿ ಬಂದ ಹನಿ ಅಲ್ಲೇ ನೆಲಕ್ಕೆ ಬೀಳುತ್ತೆ.

“ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ರಂಪವಾ?” ಅನ್ನಬಹುದು. ಟೇಪ್ ಸುತ್ತೋ ಕೈ 12 ವೋಲ್ಟಿಗೇ ನಿಲ್ಲಲ್ಲ ಸ್ವಾಮಿ. ಎಚ್.ಡಿ.ಕೋಟೆ, ಹುಣಸೂರಿನ ಕಾಡಂಚು ನೆನೆಸಿಕೊಳ್ಳಿ. ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ರೆಪ್ಪೆ ಬಡಿಯೋಕಿಂತ ಕಡಿಮೆ ಹೊತ್ತು ಏಟು ಕೊಟ್ಟು ಬಿಡುತ್ತೆ. ಆನೆ ಹಿಂದೆ ಸರಿಯುತ್ತೆ. ಕಂಬದಿಂದ ನೇರ ಎಳೆದ ಲೈನು ಬಿಡೋದೇ ಇಲ್ಲ. ಕರ್ನಾಟಕದ ಕಾಡಂಚಿನಲ್ಲಿ ಹಾಗೆ ಎಳೆದ ಬೇಲಿಗೆ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ. ಬೆಳೆ ಕಳೆದುಕೊಳ್ಳೋ ರೈತನ ಸಂಕಟ ಸುಳ್ಳಲ್ಲ. ಆದರೆ ‘ಅಡ್ಜಸ್ಟ್ ಆಗುತ್ತೆ ಬಿಡು’ ಅಂತ ಲೈನ್ ಎಳೆದುಕೊಡೋ ಕೈ ಮಾತ್ರ ನಮ್ಮ ಈ ಟೇಪ್ ಸುತ್ತೋ ಕೈಯೇ.

ಹಾಗಂತ ನಮ್ಮ ಜನಕ್ಕೆ ಲೆಕ್ಕ ಬರಲ್ವಾ? ಪಿರಿಯಾಪಟ್ಟಣದ ಯಾವುದಾದರೂ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಒಂದು ರಾತ್ರಿ ನಿಂತು ನೋಡಿ. ಸೊಪ್ಪು ಹಳದಿ ತಿರುಗೋಕೆ 95-100 ಡಿಗ್ರಿ ಫ್ಯಾರನ್‌ಹೀಟ್, ಕೊನೆಗೆ ದಂಟು ಒಣಗೋಕೆ 160ರ ಹತ್ತಿರ. ನಿದ್ದೆಗೆಟ್ಟು ಥರ್ಮಾಮೀಟರ್ ನೋಡಿ ಸೌದೆ ಹಾಕ್ತಾರೆ. ಅಲ್ಲಿ ಯಾರೂ ಅಡ್ಜಸ್ಟ್ ಅನ್ನಲ್ಲ, ಅಂದರೆ ಸೊಪ್ಪು ಕರಿಯಾಗಿ ಹರಾಜಿನಲ್ಲಿ ರೇಟು ಬಿದ್ದುಹೋಗುತ್ತೆ. ಲೆಕ್ಕ ಬರದೇ ಇರೋದು ಕಾಲೇಜು ಮುಗಿಸಿ ಕೀಬೋರ್ಡ್ ಕುಟ್ಟೋ ನಮ್ಮಂಥವರಲ್ಲೇ ಜಾಸ್ತಿ. ನಾಲ್ಕು ವರ್ಷ ಓಮ್‌ನ ನಿಯಮ ಬರೆದು ಪಾಸಾಗಿ, ಬೆಸುಗೆ ಕಡ್ಡಿ ಯಾವ ತುದಿಯಿಂದ ಹಿಡೀಬೇಕು ಅಂತ ಗೊತ್ತಿಲ್ಲದ ಇಂಜಿನಿಯರುಗಳು ಎಷ್ಟಿಲ್ಲ ಹೇಳಿ!

ಅಂಗಡಿಯವರ ಮಾತಿಗೂ ಉತ್ತರ ಇದೆ. ಯುರೋಪಿನಲ್ಲಿ 2024ರ ಡಿಸೆಂಬರಿನಿಂದ ಹೊಸ ಮೊಬೈಲಿಗೆಲ್ಲ ಒಂದೇ ನಮೂನೆಯ ಚಾರ್ಜಿಂಗ್ ಕಿಂಡಿ ಕಡ್ಡಾಯ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಮೀನಿನ ತೊಟ್ಟಿಯ ಲೈಟಿಗೆ ಮಾತ್ರ ಒಂದೊಂದು ಕಂಪನಿಯದು ಒಂದೊಂದು ಪಿನ್ನು. ಎರಡು ಲೈಟು ಜೋಡಿಸೋ ತಾಮ್ರದ ತುಂಡಿಗೂ ಅವರ ಹತ್ತಿರಾನೇ ಹೋಗಬೇಕಂತೆ!

ಆದ್ದರಿಂದ ಬ್ಲಾಗಿಗ ಮಿತ್ರರೇ, ಮನೆಯಲ್ಲೇ ಮಾಡಿಕೊಳ್ಳಿ, ಹಕ್ಕಿನಿಂದ ಮಾಡಿಕೊಳ್ಳಿ. ಆದರೆ ಮಾಡಿದ್ದನ್ನ ಬರೆಯುವಾಗ ‘ಹೇಗೋ ಅಡ್ಜಸ್ಟ್ ಮಾಡಿದೆ’ ಅಂತ ಬರೀಬೇಡಿ. ಎಷ್ಟು ಆಂಪಿಯರ್, ಎಷ್ಟು ದಪ್ಪದ ವೈರು, ಯಾವ ಫ್ಯೂಸು ಅಂತ ಕನ್ನಡದಲ್ಲೇ ಬರೀರಿ. ಮಳೆ, ಹಲಸಿನ ಹಣ್ಣು, ಅಜ್ಜಿಮನೆ ಬಗ್ಗೆ ನಾವು ಸಾಕಷ್ಟು ಬರೆದಾಯ್ತು. ಹುಣಸೂರಿನ ಹೈಸ್ಕೂಲು ಹುಡುಗನೊಬ್ಬ ಟೇಪ್ ಕೆಳಗಿಟ್ಟು ಬೆಸುಗೆ ಕಡ್ಡಿ ಎತ್ತಿಕೊಳ್ಳೋ ಹಾಗೆ ಬರೆದದ್ದು ಎಷ್ಟಿದೆ?

ನೀವೇ ಹೇಳಿ.