ಹಸಿರು ತಂತಿಯ ಉಪೇಕ್ಷೆ

ಮನೆಯ ವಿದ್ಯುತ್ ಕೆಲಸವನ್ನು ಯಜಮಾನನೇ ಮಾಡಿಕೊಳ್ಳಬಹುದೇ ಎಂದು ಪರಿಚಿತರು ಆಗಾಗ ಕೇಳುವುದುಂಟು. ವಿಜ್ಞಾನದ ಮೇಷ್ಟ್ರಾಗಿದ್ದವನಿಗೆ ಇದೆಲ್ಲ ತಿಳಿದಿರಲೇಬೇಕೆಂಬ ನಂಬಿಕೆ ಅವರದು. ವಿಡಿಯೊ ನೋಡಿ ಕಾರಿನ ಷೆಡ್ಡಿಗೆ ತಾವೇ ಲೈನ್ ಎಳೆದುಕೊಂಡವರೂ ಇದ್ದಾರೆ. ಕೈಕೆಲಸವನ್ನು ಕೀಳೆಂದು ಭಾವಿಸದ ಈ ಮನೋಭಾವ ನನಗೆ ಸಂತೋಷವನ್ನೇ ಕೊಡುತ್ತದೆ. ಆದರೆ ಅವರು ಹೆಮ್ಮೆಯಿಂದ ತೋರಿಸುವ ಕೆಲಸದಲ್ಲಿ ನಾನು ಮೊದಲು ಹುಡುಕುವುದು ಹಸಿರು ತಂತಿಯನ್ನು. ಎಷ್ಟೋ ಕಡೆ ಅದು ಇರುವುದೇ ಇಲ್ಲ. ಇದ್ದರೂ ಸಾಕೆಟ್ಟಿನ ಹಿಂದೆ ಎಲ್ಲಿಗೂ ಸೇರದೆ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ.

ಕೆಂಪು ಮತ್ತು ಕಪ್ಪು ತಂತಿಗಳಿದ್ದರೆ ಬಲ್ಬು ಬೆಳಗುತ್ತದೆ, ಮಿಕ್ಸಿ ತಿರುಗುತ್ತದೆ. ಹಸಿರು ತಂತಿ ಇಲ್ಲವೆಂದು ಯಾವ ಯಂತ್ರವೂ ನಿಲ್ಲುವುದಿಲ್ಲ. ಉಪೇಕ್ಷೆಯ ಮೂಲ ಅಲ್ಲಿದೆ. ಒಂದೇ ಬಲ್ಬಿನ ಭಾಗ್ಯಜ್ಯೋತಿ ಮನೆಗಳ ಕಾಲದಲ್ಲಿ ಎರಡು ತಂತಿಯಿಂದ ಕೆಲಸ ಸಾಗಿತು. ಮುಂದೆ ಅಂತಹ ಮನೆಗಳಿಗೂ ಫ್ರಿಜ್ಜು, ಗೀಸರು, ಬಟ್ಟೆ ಒಗೆಯುವ ಯಂತ್ರಗಳು ಬಂದವು; ಲೋಹದ ಮೈಯವು, ನೀರಿನ ಸಹವಾಸದವು. ತಂತಿ ಮಾತ್ರ ಅನೇಕ ಕಡೆ ಎರಡೇ ಉಳಿಯಿತು. ಪ್ಲಗ್ಗಿನ ದಪ್ಪ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಭೂಸಂಪರ್ಕ ಮೊದಲು ಕೂಡಿ ಕೊನೆಗೆ ಕಳಚಲಿ ಎಂದು. ಸಾಕೆಟ್ಟಿಗೆ ಹಿಡಿಯಲಿಲ್ಲವೆಂದು ಅದನ್ನೇ ಮುರಿದು ಹಾಕಿದ್ದನ್ನು ನಾನು ಕಂಡಿದ್ದೇನೆ!

ಫ್ರಿಜ್ಜು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಹೆಂಗಸರು ಹೇಳಿದಾಗ ನಮ್ಮಲ್ಲಿ ದೊರೆಯುವ ಪರಿಹಾರ ಯಾವುದು? ಚಪ್ಪಲಿ ಹಾಕಿಕೊಂಡು ಮುಟ್ಟು ಎಂಬುದು. ಆ ಜುಮ್ಮೆನ್ನುವಿಕೆ ಎಚ್ಚರಿಕೆಯ ಗಂಟೆ. ಗಂಟೆ ಬಾರಿಸಿದವನನ್ನೇ ನಾವು ಹೊರಗಟ್ಟುತ್ತೇವೆ.

ಇದಕ್ಕಿಂತ ಅಪಾಯಕರವಾದುದು ಇನ್ನೊಂದಿದೆ. ನಮ್ಮ ಮನೆಗೆ ಹೊಸ ಸಾಕೆಟ್ ಹಾಕಲು ಬಂದ ಕೆಲಸಗಾರನೊಬ್ಬ ನ್ಯೂಟ್ರಲ್ ತಂತಿಯಿಂದ ಒಂದು ತುಂಡನ್ನು ಅರ್ಥ್ ಪಿನ್ನಿಗೆ ಸೇರಿಸಿ, "ಎರಡೂ ಒಂದೇ ಸಾರ್" ಎಂದ. ಎಲ್ಲ ಸರಿಯಿರುವಷ್ಟು ದಿನ ಅದು ಒಂದೇ ಎಂಬಂತೆ ತೋರುತ್ತದೆ. ಹಿಂದೆಲ್ಲೋ ನ್ಯೂಟ್ರಲ್ ಸಡಿಲವಾದೊಡನೆ ಯಂತ್ರದೊಳಗಿಂದ ಬಂದ ವಿದ್ಯುತ್ತಿಗೆ ಹಿಂದಿರುಗುವ ದಾರಿ ತಪ್ಪಿ, ಇಡೀ ಲೋಹದ ಕವಚ ಜೀವಂತ ತಂತಿಯಾಗಿಬಿಡುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ಆತನ ಎದುರಿಗೇ ಆ ತುಂಡನ್ನು ತೆಗೆಸಿದೆ. ಸಜೀವ, ತಟಸ್ಥ, ಭೂಸಂಪರ್ಕ ಎಂಬ ಮೂರು ತಂತಿಗಳ ಚಿತ್ರ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿದೆ. ಮಕ್ಕಳು ಅದನ್ನು ಅಂದವಾಗಿ ಬರೆದು ಅಂಕ ಪಡೆಯುತ್ತಾರೆ. ಪ್ಲಗ್ಗೊಂದನ್ನು ಬಿಚ್ಚಿ ನೋಡಿದವರು ತರಗತಿಗೆ ಇಬ್ಬರು ಸಿಗುವುದೂ ಕಷ್ಟ.

ಎಂ.ಸಿ.ಬಿ. ಹಾಕಿಸಿದ್ದೇವೆ, ಇನ್ನೇನು ಭಯ ಎನ್ನುವವರಿಗಾಗಿ ಓಮನ ನಿಯಮದ ಒಂದು ಸ್ಥೂಲ ಲೆಕ್ಕ. ಅರ್ಥಿಂಗ್ ಗುಂಡಿಯ ರೋಧ 5 ಓಮ್ ಇದ್ದರೆ, ಗೀಸರಿನ ಕವಚಕ್ಕೆ 230 ವೋಲ್ಟಿನ ತಂತಿ ತಗಲಿದಾಗ 46 ಆಂಪಿಯರ್ ಹರಿಯುತ್ತದೆ. 16 ಆಂಪಿಯರಿನ ಎಂ.ಸಿ.ಬಿ. ಕೊಂಚ ತಡವಾಗಿಯಾದರೂ ಬೀಳುತ್ತದೆ. ಬೇಸಗೆಯಲ್ಲಿ ಮಣ್ಣು ಒಣಗಿ ರೋಧ 50 ಓಮಿಗೆ ಏರಿತೆನ್ನಿ. ಹರಿಯುವುದು 4.6 ಆಂಪಿಯರ್ ಮಾತ್ರ. ಎಂ.ಸಿ.ಬಿ. ಅದನ್ನು ಇಸ್ತ್ರಿಪೆಟ್ಟಿಗೆ ಎಂದೇ ತಿಳಿದು ಸುಮ್ಮನಿರುತ್ತದೆ. ಗೀಸರಿನ ಮೈ ಜೀವಂತವಾಗಿಯೇ ಉಳಿಯುತ್ತದೆ. ಮನುಷ್ಯನ ಹೃದಯದ ಲಯ ಕೆಡಿಸಲು ಆಂಪಿಯರ್‌ಗಳು ಬೇಕಿಲ್ಲ, ಕೆಲವು ಹತ್ತು ಮಿಲಿಆಂಪಿಯರ್ ಸಾಕು. ಎಂ.ಸಿ.ಬಿ. ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ.: ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡೊಡನೆ ಅದು ಕಡಿದುಬಿಡುತ್ತದೆ. ಅದರ ಬೆಲೆ ಸಾಧಾರಣ ಮೊಬೈಲ್ ಫೋನೊಂದರ ಬೆಲೆಗಿಂತ ಕಡಿಮೆ. ಬಾಡಿಗೆ ಮನೆ ಹುಡುಕುವವರು ನೀರು ವಿಚಾರಿಸುತ್ತಾರೆ, ವಾಸ್ತು ವಿಚಾರಿಸುತ್ತಾರೆ; ಇದನ್ನು ವಿಚಾರಿಸಿದ ಒಬ್ಬರನ್ನೂ ನಾನು ಕಂಡಿಲ್ಲ.

ಹಾಗಾದರೆ ನಾವೇ ಮಾಡಿಕೊಳ್ಳಬಹುದೇ? ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಾಯಿಸುವುದಕ್ಕೆ ವಿನಾಯಿತಿ ಕೊಟ್ಟು, ಹೊಸ ಲೈನು, ಸೇರ್ಪಡೆ, ಮಾರ್ಪಾಡುಗಳನ್ನು ಪರವಾನಗಿ ಪಡೆದ ಗುತ್ತಿಗೆದಾರರಿಗೆ ಬಿಟ್ಟಿವೆ. ಆ ಗೆರೆ ಸರಿಯಾದುದೆಂದೇ ನನ್ನ ಅಭಿಪ್ರಾಯ. ಇಂಟರ್‌ನೆಟ್ ಕೇಬಲನ್ನು ಧಾರಾಳವಾಗಿ ನೀವೇ ಎಳೆದುಕೊಳ್ಳಿ. ವಿದ್ಯುತ್ ತಂತಿಯಿರುವ ಪೈಪಿನೊಳಗೆ ಮಾತ್ರ ತೂರಿಸಬೇಡಿ. ಷೆಡ್ಡಿನ ಲೈನನ್ನು ಬಲ್ಲವರಿಂದ ಮಾಡಿಸಿ, ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಿ. ಕೇಳುವುದಕ್ಕೆ ಪರವಾನಗಿ ಬೇಕಿಲ್ಲ.

ಆರ್.ಸಿ.ಸಿ.ಬಿ.ಯ ಮೇಲಿರುವ ಪರೀಕ್ಷಾ ಬಟನ್ನನ್ನು ಆಗಾಗ ಒತ್ತಿ ನೋಡುವುದು, ಬೇಸಗೆಯಲ್ಲಿ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಸುರಿಯುವುದು ಮನೆಯವರದೇ ಕೆಲಸ. ಆದರೆ ಆ ಬಟನ್ ಹೇಳುವುದು ಆ ಉಪಕರಣದ ಆರೋಗ್ಯವನ್ನಷ್ಟೇ. ಹಸಿರು ತಂತಿ ನೆಲ ಮುಟ್ಟಿದೆಯೇ ಎಂಬುದನ್ನು ಹೇಳದು. ಜೇಬಿನ ಟೆಸ್ಟರೂ ಹೇಳದು. ಅದಕ್ಕೆ ಅರ್ಥ್ ಟೆಸ್ಟರ್ ಎಂಬ ಬೇರೆ ಉಪಕರಣವಿದೆ. ಕೆಲಸ ಮುಗಿಸಿ ಹಣ ಕೇಳಲು ಬಂದವರಿಂದ ಅಳತೆ ಮಾಡಿಸಿ, ಎಷ್ಟು ಓಮ್ ಬಂದಿತೆಂದು ಬಿಲ್ಲಿನ ಹಿಂದೆಯೇ ಬರೆಸಿಕೊಳ್ಳಿ. ಆಮೇಲೆ ಹಣ ಕೊಡಿ.