ಮಲಗಿದವಳ ಕಣ್ಣಿಗೆ ಕಾಣುವ ಮನೆ

ಗೃಹಾಲಂಕಾರವೆಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಮನೆಯ ಮುಂಭಾಗ. ಅಂಗಳದ ರಂಗವಲ್ಲಿ, ಹೊಸ್ತಿಲ ಅರಿಸಿನ ಕುಂಕುಮ, ಬಾಗಿಲ ತೋರಣ, ಪಡಸಾಲೆಯ ಪಟಗಳು. ನಾಲ್ಕು ಕಾಸುಳ್ಳವರಾದರೆ ಗಾಜಿನ ಕಪಾಟು, ಅದರೊಳಗೆ ಎಂದೂ ಚಹವನ್ನು ಕಾಣದ ಚಹದ ಬಟ್ಟಲುಗಳು. ಈ ಅಲಂಕಾರವೆಲ್ಲ ಬರುವವನ ಕಣ್ಣಿಗಾಗಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತವನ ಎತ್ತರದಿಂದ ನೋಡಿದರೆ ಮಾತ್ರ ಸರಿಯಾಗಿ ಕಾಣುವಂಥದು. ಆದರೆ ಇದೇ ಮನೆಯನ್ನು ದಿನವಿಡೀ, ವಾರಗಟ್ಟಲೆ, ಮಲಗಿಕೊಂಡೇ ನೋಡಬೇಕಾದ ಒಬ್ಬ ಜೀವಿ ಉಂಟು. ಆಕೆ ಬಾಣಂತಿ. ಆಕೆಯ ಕಣ್ಣಿಗೆ ಏನು ಕಾಣುತ್ತದೆಂಬುದನ್ನು ನಮ್ಮಲ್ಲಿ ಯಾರೂ ವಿಚಾರಿಸಿದಂತೆ ತೋರುವುದಿಲ್ಲ. ನಾನೂ ವಿಚಾರಿಸಿದವನಲ್ಲ, ಕಳೆದ ಮಾಗಿಯಲ್ಲಿ ಅಬಲೂರಿಗೆ ಹೋಗಿ ಬರುವವರೆಗೆ.

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಈ ಊರು ಕನ್ನಡ ಓದಿದವರಿಗೆ ಅಪರಿಚಿತವಲ್ಲ. ಏಕಾಂತದ ರಾಮಯ್ಯನು ತನ್ನ ಶಿರಸ್ಸನ್ನು ಅರಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆದನೆಂಬ ಪವಾಡವನ್ನು ನಿರೂಪಿಸುವ, ಸುಮಾರು 1200ರ ಶಾಸನ ಇಲ್ಲಿಯ ಸೋಮೇಶ್ವರ ದೇವಾಲಯದಲ್ಲಿದೆ. ಅದೇ ಕತೆಯನ್ನು ಕಡೆದ ಶಿಲ್ಪಗಳೂ ಇವೆ. ಎಂ.ಎ. ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲು ಇಲ್ಲಿಗೆ ಬಂದದ್ದು ಆ ಅಕ್ಷರಗಳನ್ನು ನೋಡಲೆಂದೇ. ಈ ಬಾರಿ ಬಂದದ್ದು ಅಕ್ಕನ ಮನೆಗೆ. ಅವಳನ್ನು ಈ ಊರಿಗೆ ಕೊಟ್ಟಿದೆ. ಅವಳ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು, ಗಂಡು ಕೂಸು, ಹದಿನೇಳು ದಿನವಾಗಿತ್ತು.

ಅಕ್ಕನ ಮನೆ ಹೊಸದು. ಮಣ್ಣಿನ ಗೋಡೆಯ ಹಳೆಯ ಹೆಂಚಿನ ಮನೆಯನ್ನು ಕೆಡವಿ ಕಟ್ಟಿಸಿದ್ದು. ಪಡಸಾಲೆಯಿದ್ದಲ್ಲಿ ಈಗ ಅಗಲವಾದ ಹಾಲು, ಅದಕ್ಕೆ ರಸ್ತೆಯ ಕಡೆ ಎರಡು ದೊಡ್ಡ ಕಿಟಕಿ, ಕಿಟಕಿಗೆ ಗುಲಾಬಿ ಪರದೆ, ಗೋಡೆಗೆ ಎರಡು ಬಣ್ಣ, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಹೂಗುಚ್ಛ. ಸೋಫಾದ ಮೇಲಿನ ಹೊದಿಕೆ ಕೂಡ ಜರುಗದ ಹಾಗೆ ಅಕ್ಕ ಅದನ್ನು ಕಾಯುತ್ತಾಳೆ. ನಾನು ಅದನ್ನೆಲ್ಲ ಮೆಚ್ಚಿ ಎರಡು ಮಾತಾಡಿ, "ಕೂಸು ಎಲ್ಲಿ?" ಎಂದೆ. ಹಾಲಿನಿಂದ ಅಡಿಗೆಮನೆ, ಅಡಿಗೆಮನೆಯಿಂದ ಹಿಂದಿನ ಒಂದು ಕೋಣೆ. ಅದಕ್ಕೆ ಕಿಟಕಿಯಿರಲಿಲ್ಲ. ಗೋವಿನಜೋಳದ ಚೀಲಗಳನ್ನು ಒಂದು ಗೋಡೆಗೆ ತೊಲೆಯವರೆಗೆ ಒಟ್ಟಿತ್ತು. ಮಿಕ್ಕ ಜಾಗದಲ್ಲಿ ಹೊರಸು, ಹೊರಸಿನ ಕೆಳಗೆ ಕೆಂಡದ ಶೆಗಡಿ, ಲೋಬಾನದ ಹೊಗೆ. ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಬಿಗಿದುಕೊಂಡು ಹುಡುಗಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಗೋಡೆಯ ಮೇಲೆ ಹಿಂದಿನ ವರ್ಷದ ಒಂದು ಕ್ಯಾಲೆಂಡರು.

ಮನೆಯನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಅಕ್ಕ ಮಗಳಿಗಾಗಿ ಜೀವ ತೇಯುವವಳು. ನಸುಕಿನಲ್ಲೆದ್ದು ನೀರು ಕಾಸುವುದೇನು, ಎಣ್ಣೆ ತಿಕ್ಕುವುದೇನು, ಅಂಟಿನ ಉಂಡೆ, ಅಳವಿಯ ಪಾಯಸಗಳನ್ನು ಮಾಡಿ ಉಣಿಸುವುದೇನು! ಆ ಕತ್ತಲಕೋಣೆಗೂ ಹಿಂದಿನವರಿಗೆ ಕಾರಣವಿತ್ತು. ಬೀಸುವ ಕಲ್ಲು, ಹೊಲದ ಕಳೆ, ನೀರಿನ ಕೊಡ ಇವುಗಳಿಂದ ಹೆಣ್ಣಿಗೆ ಬಿಡುವು ದೊರೆಯುತ್ತಿದ್ದುದು ಆ ಬಾಗಿಲು ಮುಚ್ಚಿದಾಗ ಮಾತ್ರ. ನಾಲ್ಕು ಮಂದಿಯ ಕೈ ಕೂಸಿಗೆ ತಾಗದಿರಲೆಂಬ ಎಚ್ಚರವೂ ಅದರಲ್ಲಿತ್ತು. ಸೋಂಕೆಂಬುದನ್ನು ಅವರು ದೃಷ್ಟಿಯೆಂದು ಕರೆದಿರಬಹುದು, ಕೆಲಸವಂತೂ ನಡೆಯುತ್ತಿತ್ತು. ಆದರೆ ಬಿಡುವಿಗೆ ಕತ್ತಲೆಯೇಕೆ ಬೇಕು? ಬೆಚ್ಚಗಿಡಲು ಹೊಗೆಯೇಕೆ ಬೇಕು? ಮುಚ್ಚಿದ ಕೋಣೆಯಲ್ಲಿ ಕೆಂಡವು ಬಣ್ಣವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತದೆ, ಅದು ಕೊಲ್ಲಲೂ ಬಲ್ಲದು ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಹೆರಿಗೆಯನ್ನು ಬೆಳಕಿಗೆ ಒಯ್ದೆವು. ಎರಡು ಮೂರು ದಿನ ಕಳೆದ ಮೇಲೆ ತಾಯಿಯನ್ನು ತಿರುಗಿ ಅದೇ ಕೋಣೆಗೆ ತಂದು ಮಲಗಿಸಿದೆವು.

ಹಳೆಯ ಮನೆಯಲ್ಲಿ ಮಾಡಿನ ನಡುವೆ ಒಂದು ಬೆಳಕಿಂಡಿಯಾದರೂ ಇರುತ್ತಿತ್ತು. ಅದರಿಂದಿಳಿದ ಬಿಸಿಲಿನ ಕೋಲು ಮಧ್ಯಾಹ್ನದ ಹೊತ್ತಿಗೆ ಗೋಡೆಯಿಂದ ಗೋಡೆಗೆ ಸರಿಯುವುದನ್ನು ಬಾಣಂತಿಯರು ನೋಡುತ್ತಿದ್ದರು. ಕಾಂಕ್ರೀಟಿನ ಛಾವಣಿ ಅದನ್ನೂ ಮುಚ್ಚಿತು.

ನಮ್ಮ ಪೂರ್ವಿಕರಿಗೆ ಸೌಂದರ್ಯದೃಷ್ಟಿಯಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಈ ಸೀಮೆಯ ಹೆಂಗಸರ ಕೈಗೆಲಸಗಳನ್ನು ಒಂದೊಂದಾಗಿ ತೆಗೆದುಕೊಂಡು ನೋಡಿದರೆ, ಅವುಗಳಲ್ಲಿ ಎಷ್ಟೋ ಬಸಿರು ಬಾಣಂತನಗಳ ಸುತ್ತಲೇ ಬೆಳೆದಂಥವು. ಇಲ್ಲಿಂದ ಬಹುದೂರವಲ್ಲದ ಕಲಘಟಗಿಯ ತೊಟ್ಟಿಲನ್ನು ನೋಡಿರಿ. ಅರಗಿನ ಬಣ್ಣದಲ್ಲಿ ಚಿತ್ರಗಾರರು ಅದರ ಮೇಲೆ ರಾಮಾಯಣವನ್ನೋ ಕೃಷ್ಣನ ಬಾಲಲೀಲೆಗಳನ್ನೋ ಬರೆಯುತ್ತಾರೆ. ತಲೆಮಾರು ಕಳೆದರೂ ಬಣ್ಣ ಮಾಸದು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಚೂರುಬಟ್ಟೆಗಳನ್ನು ಮುಕ್ಕೋನವಾಗಿ ಮಡಿಸಿ ಹೊಲಿದ ಕೌದಿ, ಕೂಸಿನ ಕುಂಚಿಗೆ, ತೇರು, ಗೋಪುರ, ಆನೆ, ತೊಟ್ಟಿಲುಗಳನ್ನು ಎಳೆಯೆಣಿಸಿ ಗವಂತಿ, ಮುರಗಿ, ನೇಗಿ, ಮೆಂತೆಗಳೆಂಬ ಹೊಲಿಗೆಗಳಲ್ಲಿ ಮೂಡಿಸಿದ ಕಸೂತಿಯ ಸೀರೆ. ನೆರೆಯ ಶಿಕಾರಿಪುರ, ಸೊರಬ, ಸಾಗರಗಳ ಕಡೆಗೆ ಇನ್ನೂ ಒಂದು ಅಚ್ಚರಿಯುಂಟು. ಆಶ್ವಯುಜದ ಭೂಮಿಹುಣ್ಣಿಮೆಯಂದು ಅಲ್ಲಿಯ ರೈತರು ಪೈರು ಹೊತ್ತ ನೆಲವನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟವನ್ನು ಹೊಲಕ್ಕೆ ಒಯ್ಯುತ್ತಾರೆ. ಆ ಊಟದ ಬುಟ್ಟಿಗೆ ದೀವರ ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಕೂದಲೆಳೆಯಂಥ ಗೆರೆಗಳ ಚಿತ್ತಾರ ಬರೆಯುತ್ತಾರೆ. ಬಸುರಿಯಾದ ಭೂಮಿಗೆ ಚಿತ್ತಾರದ ಬುಟ್ಟಿ!

ಆದರೆ ಗಮನಿಸಿರಿ: ಈ ಚೆಲುವೆಲ್ಲ ಹೆರಿಗೆಗೆ ಮುಂಚೆ ಬಸುರಿಗೆ, ಹೆರಿಗೆಯ ಅನಂತರ ಕೂಸಿಗೆ. ಕುಬಸದ ದಿನ ಹಸಿರು ಸೀರೆ, ಹಸಿರು ಬಳೆ, ತಲೆತುಂಬ ಹೂವು, ಆರತಿ. ಕೂಸು ಹೊರಬಂದೊಡನೆ ಅದೇ ಹೆಣ್ಣಿಗೆ ಮನೆಯಲ್ಲಿದ್ದುದರಲ್ಲೆಲ್ಲ ಹಳೆಯದಾದ ಸೀರೆ. ಈಗೀಗ ಬಣ್ಣಗೆಟ್ಟ ನೈಟಿ. ಚಿತ್ರದ ತೊಟ್ಟಿಲನ್ನೂ ನೋಡಿದವರು ಬಲ್ಲರು, ಅದರ ಚಿತ್ರಗಳು ಹೊರಮೈಯಲ್ಲಿ. ತೂಗುವವರಿಗೂ ನೆಂಟರಿಗೂ ಅವು ಕಾಣುತ್ತವೆ. ಒಳಗೆ ಮಲಗಿದ ಕೂಸಿಗೆ ಅವು ಬೇಕಾಗಿಯೂ ಇಲ್ಲ. ಹುಟ್ಟಿದ ಕೂಸಿನ ದೃಷ್ಟಿ ನಿಲ್ಲುವುದು ಹೆಚ್ಚೆಂದರೆ ಮೊಳಕ್ಕಿಂತ ಕಡಿಮೆ ದೂರದಲ್ಲಿ, ಹಾಲೂಡುವ ತಾಯಿಯ ಮುಖವಿರುವಷ್ಟು ದೂರದಲ್ಲಿ. ಆ ಮುಖವೇ ಅದಕ್ಕೆ ಚಿತ್ರಶಾಲೆ. ಆ ಮುಖವನ್ನೇ ನಾವು ಜೋಳದ ಚೀಲದ ಕಡೆಗೆ ತಿರುಗಿಸಿ ಮಲಗಿಸಿರುತ್ತೇವೆ.

ಉಡುಗೆಯ ವಿಷಯದಲ್ಲಿ ಹಿಂದಿನವರು ನಮಗಿಂತ ಬುದ್ಧಿವಂತರೆಂದೇ ಹೇಳಬೇಕು. ಮುಂದೆ ಗಂಟು ಹಾಕುವ ಖಣದ ಕುಪ್ಪಸವನ್ನು ಯಾರೋ ಬಾಣಂತಿಯನ್ನು ನೆನೆದೇ ಹೊಲಿದಿರಬೇಕು. ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ಬಿಚ್ಚಬಹುದು, ಕಟ್ಟಬಹುದು. ದೇಹ ತುಂಬಿದರೂ ಇಳಿದರೂ ಗಂಟು ಹಿಗ್ಗುತ್ತದೆ, ಕುಗ್ಗುತ್ತದೆ. ಗುಳೇದಗುಡ್ಡದ ಖಣ ನೋಡಲೂ ಚೆಂದ. ಈಗ ಬೆನ್ನಿಗೆ ಕೊಂಡಿಯಿರುವ ರವಿಕೆಯನ್ನು ಹೊಲಿಸಿ, ಹಾಲೂಡಿಸಲು ತೊಂದರೆಯೆಂದು ನೈಟಿ ತಂದು, ನೈಟಿಯಲ್ಲಿ ಯಾರೆದುರೂ ಬರಬಾರದೆಂದು ಕೋಣೆಯ ಬಾಗಿಲು ಹಾಕಿದೆವು. ಗಂಡಸಾಗಿ ಈ ಮಾತನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಕುಪ್ಪಸದ ಗಂಟು ಹೋದದ್ದರಿಂದ ಬಾಗಿಲ ಅಗುಳಿ ಬಿತ್ತೆಂಬುದು ನನ್ನ ಅನುಮಾನ.

ಅಬಲೂರಿನಲ್ಲಿ ಕುಳಿತು ಬಾಣಂತಿಯ ಮಾತಾಡುವವನು ಮಾಳಿಯನ್ನು ನೆನೆಯದಿರುವುದು ಸಾಧ್ಯವಿಲ್ಲ. ಮಾಸೂರಿನ ಬಸವರಸನು ಕಾಶಿಯಾತ್ರೆ ಮುಗಿಸಿ ಬರುವಾಗ ಈ ಊರಿನ ಕುಂಬಾರಸಾಲೆಯಲ್ಲಿ ತಂಗಿದನು, ಅಲ್ಲಿಯ ವಿಧವೆ ಮಾಳಿಯಲ್ಲಿ ಸರ್ವಜ್ಞನು ಹುಟ್ಟಿದನು ಎಂಬುದು ಪರಂಪರೆಯ ಕತೆ. 1924ರಲ್ಲಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದಂದಿನಿಂದ ನಮ್ಮ ವಿದ್ವಾಂಸರು ಕವಿಯ ಕಾಲ, ಜಾತಿ, ತಂದೆಯ ಊರುಗಳ ಮೇಲೆ ಸಾಕಷ್ಟು ಮಸಿ ಖರ್ಚುಮಾಡಿದ್ದಾರೆ. ಜನ್ಮವೃತ್ತಾಂತದ ತ್ರಿಪದಿಗಳು ಕವಿಯವೇ ಅಲ್ಲವೆಂಬ ಸಂಶಯವೂ ಉಂಟು; ತರಗತಿಯಲ್ಲಿ ನಾನೂ ಅದನ್ನು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇನೆ. ಕತೆಯನ್ನು ಕತೆಯಾಗಿಯೇ ಒಪ್ಪಿಕೊಂಡರೂ ಒಂದು ಪ್ರಶ್ನೆಯನ್ನು ನಾವು ಕೇಳಲಿಲ್ಲ: ಆ ವಿಧವೆ ಬಾಣಂತನವನ್ನು ಎಲ್ಲಿ ಕಳೆದಳು? ಅವಳಿಗೆ ಕುಬಸ ಮಾಡುವವರು ಯಾರಿದ್ದರು? ತೊಟ್ಟಿಲು ತಂದವರು ಯಾರು? ಸುಡದ ಗಡಿಗೆಗಳ ಸಾಲು, ನಿಂತ ತಿಗುರಿ, ಆವಿಗೆಯ ಬಿಸಿ: ಆ ಕೋಣೆಯನ್ನು ನಾನು ಹೀಗೆ ಊಹಿಸಿಕೊಳ್ಳಬಲ್ಲೆನೇ ಹೊರತು ಕತೆ ಅದನ್ನು ಹೇಳುವುದಿಲ್ಲ. ಮಗನು ತಾಯಿತಂದೆಗಳನ್ನು ತನ್ನವರಲ್ಲವೆಂದು ನಿರಾಕರಿಸಿ ಮನೆಬಿಟ್ಟು ಹೊರಟನೆಂಬುದನ್ನು ಮಾತ್ರ ಹೇಳುತ್ತದೆ. ಅವನು ಊರೂರು ಅಲೆಯುತ್ತ ನುಡಿದದ್ದು ತ್ರಿಪದಿಯಲ್ಲಿ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲಿನ ಮುಂದೆ ನಮ್ಮ ಹೆಂಗಸರು ಹಾಡಿದ್ದೂ ತ್ರಿಪದಿಯೇ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದಾಗ ಪಂಡಿತರು ಅದನ್ನು ಕಂಡು ಬೆರಗಾದರು. ಮನೆ ಬಿಟ್ಟು ಹೋಗುವಾಗ ಆ ಮಗನು ತಾಯಿಯ ಕೋಣೆಯಿಂದ ಏನನ್ನೂ ಒಯ್ಯಲಿಲ್ಲವೆಂದು ನಾನು ನಂಬಲಾರೆ.

ನನ್ನ ಮಾತಿಗೆ ಇನ್ನೊಂದು ಸಾಕ್ಷಿಯನ್ನು ದೂರದಿಂದ ತರುತ್ತೇನೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ, ದಿನಗಟ್ಟಲೆ ಅವೇ ಗೋಡೆಗಳನ್ನು ನೋಡುತ್ತ ಮಲಗುವುದು ರೋಗಿಗೆ ಎಂಥ ಯಾತನೆ, ಒಂದು ಹಿಡಿ ಹೂವು, ಕಿಟಕಿಯಾಚೆಯ ಒಂದು ನೋಟ ಎಷ್ಟು ಉಪಕಾರಿ ಎಂಬುದನ್ನು ಅನುಭವದಿಂದ ಬರೆದಳು. ಅದು ಕೇವಲ ಭಾವುಕತೆಯೆಂದವರಿಗೆ 1984ರಲ್ಲಿ ಉತ್ತರ ಬಂತು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬವರು ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ನೋವಿನ ತೀವ್ರ ಔಷಧಗಳೂ ಅವರಿಗೆ ಕಡಿಮೆ ಬೇಕಾದವು. ಬಾಣಂತಿ ರೋಗಿಯಲ್ಲ, ನಿಜ. ಆದರೆ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 13 ಮಂದಿ ಖಿನ್ನತೆಯೇ ಮೊದಲಾದ ಮನೋವ್ಯಥೆಗೆ ಒಳಗಾಗುತ್ತಾರೆಂದೂ, ನಮ್ಮಂಥ ದೇಶಗಳಲ್ಲಿ ಅದು ನೂರಕ್ಕೆ 20ರ ಹತ್ತಿರವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿಟಕಿಯೊಂದರಿಂದ ಅದು ವಾಸಿಯಾಗುತ್ತದೆಂದು ನಾನು ಹೇಳುವುದಿಲ್ಲ, ಅದಕ್ಕೆ ವೈದ್ಯರಿದ್ದಾರೆ. ಆದರೆ ಅಳುವ ಬಾಣಂತಿಯನ್ನು 'ಎಲ್ಲರಿಗೂ ಹೀಗೇ' ಎಂದು ಸುಮ್ಮನಾಗಿಸಿ ಮತ್ತೆ ಬಾಗಿಲು ಮುಚ್ಚುವುದು ಯಾವ ವೈದ್ಯ?

ತಾಯಿಯ ಮೈಗೂ ಹಾಸಿಗೆಗೂ ಏನು ಬೇಕೆಂದು ಯೋಚಿಸಿದ್ದು, ವಿಚಿತ್ರವೆಂದರೆ, ಸರ್ಕಾರ. 2007ರಲ್ಲಿ ಕರ್ನಾಟಕದಲ್ಲಿ 'ಮಡಿಲು' ಎಂಬ ಯೋಜನೆ ಆರಂಭವಾಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡತಾಯಂದಿರ ಕೈಗೆ ಸೊಳ್ಳೆಪರದೆ, ಹಾಸಿಗೆಯ ಹೊದಿಕೆ, ಸಾಬೂನು, ಕೂಸಿನ ಟೋಪಿಗಳುಳ್ಳ ಒಂದು ಚೀಲ ಬಂತು. ಆ ಹೆಸರಿಟ್ಟವರು ಯಾರೋ, ಕನ್ನಡ ಬಲ್ಲವರು. ಉಳ್ಳವರ ಮನೆಯಲ್ಲಿ ಆ ಚೀಲದಷ್ಟು ವಿಚಾರವೂ ಕಾಣುವುದಿಲ್ಲ. ತೊಟ್ಟಿಲು ಕಟ್ಟುವ ದಿನ ಹಾಲಿನಲ್ಲಿ ಬಲೂನು, ಬಣ್ಣದ ದೀಪ, ಕೂಸಿನ ಹೆಸರಿನ ಥರ್ಮೋಕೋಲು ಅಕ್ಷರಗಳು, ತಾಯಿಯನ್ನು ಒಂದು ಗಂಟೆಯ ಮಟ್ಟಿಗೆ ಜರಿಸೀರೆಯಲ್ಲಿ ಹೊರತಂದು ಕೂರಿಸಿ ಫೋಟೋ. ಸಂಜೆಗೆ ಮತ್ತೆ ಚೀಲಗಳ ನಡುವೆ. ಒಂದು ದಿನದ ಈ ಸಿಂಗಾರಕ್ಕೆ ಸುರಿಯುವ ಹಣದಲ್ಲಿ ಹಿಂದಿನ ಗೋಡೆಗೆ ಒಂದು ಕಿಟಕಿ ಇಡಿಸಬಹುದು, ಜಾಲರಿಯ ಸಮೇತ.

ಪರರಿಗೆ ಬುದ್ಧಿ ಹೇಳುವ ಮುನ್ನ ನನ್ನದನ್ನೂ ಹೇಳಿಬಿಡಬೇಕು. ಹದಿನೆಂಟು ವರ್ಷಗಳ ಹಿಂದೆ ನನ್ನ ಹೆಂಡತಿ ಹೆತ್ತಾಗ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಕೋಣೆಯ ಬಾಗಿಲಲ್ಲಿ ನಿಂತು ಕೂಸನ್ನು ನೋಡಿ, ಹೇಗಿದ್ದೀಯೆಂದು ಕೇಳಿ, ಮಾವನವರೊಡನೆ ರಾಜಕೀಯ ಮಾತಾಡಲು ಪಡಸಾಲೆಗೆ ಬರುತ್ತಿದ್ದೆ. ಅಬಲೂರಿನಿಂದ ಬಂದ ರಾತ್ರಿ ಅವಳನ್ನು ಕೇಳಿದೆ: ಆಗ ದಿನವೆಲ್ಲ ಏನು ಮಾಡುತ್ತಿದ್ದೆ? ಅವಳು ತಟ್ಟನೆ ಹೇಳಿದಳು: "ಜಂತೆ ಎಣಿಸುತ್ತಿದ್ದೆ. ಹತ್ತೊಂಬತ್ತು ಇದ್ದವು." ಇಷ್ಟು ವರ್ಷವಾದರೂ ಸಂಖ್ಯೆ ಮರೆತಿರಲಿಲ್ಲ.

ಅಬಲೂರಿನಲ್ಲಿ ನಾನು ಎರಡು ದಿನ ಇದ್ದೆ. ಮೊದಲ ದಿನ ಸುಮ್ಮನಿದ್ದೆ. ಎರಡನೆಯ ದಿನ ಅಕ್ಕನೊಡನೆ ಜಗಳವಾಡಿದೆ. "ಹಸಿಬಾಣಂತಿ, ಗಾಳಿ ಹತ್ತತೈತಿ" ಎಂದಳು. ನಾಲ್ಕು ಮಂದಿ ಬರುವ ಹಾಲಿನಲ್ಲಿ ಬಾಣಂತಿಯನ್ನು ಮಲಗಿಸಿದರೆ ನೋಡಿದವರು ಏನೆಂದಾರು ಎಂದಳು. ಕಡೆಗೆ, ನನ್ನ ಪಾಂಡಿತ್ಯಕ್ಕಲ್ಲ, ಮಗಳ ಕೆಮ್ಮಿಗೆ ಸೋತಳು. ಭಾವನವರೂ ನಾನೂ ಹೊರಸನ್ನು ಎತ್ತಿ ಹಾಲಿನ ಒಂದು ಕಿಟಕಿಯ ಬದಿಗೆ ತಂದೆವು. ಸೋಫಾ ಜೋಳದ ಕೋಣೆಗೆ ಹೋಯಿತು. ಶೆಗಡಿಯನ್ನು ಅಂಗಳದಲ್ಲಿಟ್ಟೆವು. ಕೂಸಿಗೆ ಬೆಚ್ಚಗಿರಲೆಂದು ಅಜ್ಜಿಯ ಕಾಲದ ಕೌದಿಯೊಂದನ್ನು ಟ್ರಂಕಿನಿಂದ ತೆಗೆದು ಅಕ್ಕ ತಾನಾಗಿಯೇ ಹಾಸಿದಳು. ಬಾಗಿಲ ಕಡೆಯಿಂದ ಮರೆಯಾಗಲೆಂದು ಒಂದು ಸೀರೆಯನ್ನೂ ಕಟ್ಟಿದಳು. ನಾನು ಗುಲಾಬಿ ಪರದೆಯನ್ನು ಅರ್ಧ ಎಳೆಯಹೋದೆ. ಹುಡುಗಿ ಮಗ್ಗುಲಾಗಿ ಹೊರಗೆ ನೋಡುತ್ತಿದ್ದಳು. ಸಂಜೆಯ ಹೊತ್ತು, ಕೆರೆಯ ಕಡೆಯಿಂದ ದನ ಬರುತ್ತಿದ್ದವು.

"ಪರದಿ ಬ್ಯಾಡ ಮಾಮಾ," ಎಂದಳು, "ದನಾ ಹೋಗೂದು ಕಾಣಸತೈತಿ."